ಮೂಗಿನ ಜಿಗಣೆ ಹುಡುಕಿದ ದಾಸಮ್ಮ

ಹೊನ್ನಿಗನದೊಡ್ಡಿಯ ದಾಸಮ್ಮ ಒಂದು ಕಡೆ ಕುಂತು ಉಂಡದ್ದನ್ನು ಕಂಡವರು ಕಡಿಮೆ. ಮುದ್ದೆಯ ತಟ್ಟೆ ಹಿಡಿದು ಜಗುಲಿಗೆ ಬಂದರೆ ಎರಡು ತುತ್ತು ನುಂಗಿ ಕುರಿರೊಪ್ಪದ ಕಡೆ ಒಂದು ಸುತ್ತು, ಇನ್ನೆರಡು ತುತ್ತು ನುಂಗಿ ಬೀದಿಯ ತುದಿಗೆ ಒಂದು ಸುತ್ತು. ತಟ್ಟೆ ಖಾಲಿಯಾಗುವ ಹೊತ್ತಿಗೆ ಅರ್ಧ ಊರು ತಿರುಗಿರುವಳು.

“ನಿನ್ನ ಕಾಲ್ಗೆ ಯಾವನಾದ್ರೂ ಹಗ್ಗ ಹಾಕ್ಬೇಕು ಕಣಮ್ಮಿ,” ಅನ್ನುತ್ತಿದ್ದ ಗಂಡ ಗಂಗಯ್ಯ.

ತಪ್ಪು ಅವಳದ್ದಲ್ಲ. ಅವಳಪ್ಪ ಮುನ್ನೂರು ಕುರಿ ಸಾಕಿದ್ದವನು. ಗೊಬ್ಬರಕ್ಕೆಂದು ಕಂಡವರ ಹೊಲದಲ್ಲಿ ಮಂದೆ ಹಾಕಿಕೊಂಡು ಇಲ್ಲಿ ಮೂರು ದಿನ, ಅಲ್ಲಿ ನಾಲ್ಕು ದಿನ ಅಂತ ಸಂಸಾರವನ್ನೇ ಹೊತ್ತು ತಿರುಗಿದ. ದಾಸಮ್ಮ ಹುಟ್ಟಿದ್ದು ಮಾಗಡಿ ಕಡೆಯ ಒಂದು ಹುರುಳಿ ಹೊಲದಲ್ಲಿ, ನಡೆಯಲು ಕಲಿತದ್ದು ಚನ್ನಪಟ್ಟಣದ ಕಡೆಯ ಇನ್ಯಾವುದೋ ಹೊಲದಲ್ಲಿ. ಹದಿನೆಂಟಕ್ಕೆ ಮದುವೆಯಾಗಿ ಸಾತನೂರು ಕಬ್ಬಾಳಿನ ನಡುವಿನ ಈ ಊರಿಗೆ ಬಂದಾಗ ಒಂದೇ ಸೂರಿನ ಕೆಳಗೆ ದಿನವೂ ಮಲಗುವುದು ಅವಳಿಗೆ ಹೊಸದು. ಮೂವತ್ತನಾಲ್ಕು ವರ್ಷವಾದರೂ ಅದು ಅಭ್ಯಾಸವಾಗಲಿಲ್ಲ. ಮಗ ಗಂಗರಾಜು ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿ ಅಲ್ಲೇ ರೂಮು ಮಾಡಿದ ಮೇಲಂತೂ ಮನೆ ಇನ್ನಷ್ಟು ಇಕ್ಕಟ್ಟಾಯಿತು ಅನ್ನಿಸಿತು ಅವಳಿಗೆ. ಜನ ಕಡಿಮೆಯಾದರೆ ಮನೆ ದೊಡ್ಡದಾಗಬೇಕಲ್ಲವೇ? ಅವಳಿಗೆ ಹಾಗಾಗಲಿಲ್ಲ.

ಅವಳು ಅಲುಗದೆ ಕೂರುತ್ತಿದ್ದುದು ಒಂದೇ ಕೆಲಸಕ್ಕೆ. ಬೇಸಿಗೆ ಏರುವಾಗ ಸುತ್ತಲಿನ ಊರುಗಳಲ್ಲಿ ಒಂದೊಂದು ಕುರಿಯೋ ಹಸುವೋ ತಲೆ ಕೊಡವಿ ಕೊಡವಿ ಸೀನಲು ಶುರುಮಾಡುತ್ತದೆ. ಒಂದು ಹೊಳ್ಳೆಯಲ್ಲಿ ತೆಳ್ಳಗೆ ರಕ್ತ ಇಳಿಯುತ್ತದೆ. ಮೇವು ಬಿಟ್ಟು ಸೊರಗುತ್ತದೆ. ಆಗ ದಾಸಮ್ಮನಿಗೆ ಹೇಳಿಕಳಿಸುತ್ತಾರೆ. ಅವಳು ಬಂದು ಆ ದಿನವೆಲ್ಲ ಅದಕ್ಕೆ ನೀರು ತೋರಿಸಬೇಡಿ ಅನ್ನುವಳು. ಮಾರನೆಯ ದಿನ ಬೋಗುಣಿಯಲ್ಲಿ ತಣ್ಣನೆ ನೀರು ತಂದು ಅದರ ಮೂತಿಯ ಕೆಳಗಿಟ್ಟು ಕುಡಿಯಲು ಬಿಡದೆ ಹಿಡಿದು ಕೂರುವಳು. ನೀರಿನ ತಂಪು ತಾಗಿ ಹೊಳ್ಳೆಯಿಂದ ಕಂದು ಬಣ್ಣದ ನಾಲಿಗೆಯಂಥದೊಂದು ಮೆಲ್ಲನೆ ಇಳಿಯುತ್ತದೆ. ಅದೇ ಮೂಗಿನ ಜಿಗಣೆ. ಬೂದಿ ಮೆತ್ತಿದ ಬೆರಳಲ್ಲಿ ಅದನ್ನು ಹಿಡಿದು, ಎಳೆಯದೆ, ತಾನಾಗಿ ಬಿಡುವವರೆಗೆ ಬಿಗಿಯಾಗಿ ಹಿಡಿದೇ ಇದ್ದು, ಕೈಗೆ ಬಂದ ಮೇಲೆ ಒಲೆಗೆ ಹಾಕುವಳು. ಅಪ್ಪ ಕಲಿಸಿದ ವಿದ್ಯೆ. ಎಷ್ಟು ಜಿಗಣೆ ತೆಗೆದಿದ್ದಾಳೋ ಅವಳಿಗೇ ಲೆಕ್ಕವಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ದಾಸಮ್ಮನನ್ನು ಹಿಡಿಯುವವರೇ ಇಲ್ಲವಾದರು. ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಂಡು, ಗಂಡ ಕುರಿ ಹೊಡೆದುಕೊಂಡು ಹೋದ ದಿನ ಕನಕಪುರಕ್ಕೋ ಚನ್ನಪಟ್ಟಣಕ್ಕೋ ಸುಮ್ಮನೆ ಹೋಗಿ ಬರುವಳು. ಏನು ಕೆಲಸ ಅಂತ ಕೇಳಿದರೆ “ನೋಡ್ಕಂಡ್ ಬರಾಕೆ” ಅನ್ನುವಳು. ಏನನ್ನು ನೋಡಲು ಅಂತ ಅವಳಿಗೂ ಗೊತ್ತಿರಲಿಲ್ಲ.

ಅಂಥ ಒಂದು ದಿನವೇ, ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ, ಸಾತನೂರಿನಿಂದ ನಡೆದು ಬರುವಾಗ ದಾರಿಯ ಕೆರೆಯಲ್ಲಿ ಅವಳಿಗೆ ಲತಾಮಣಿ ಕಂಡಳು. ಮೂವತ್ತರ ಆಸುಪಾಸಿನ ಹೆಣ್ಣು, ಪ್ಯಾಂಟು ಮಡಿಸಿ ಮೊಣಕಾಲುದ್ದ ನೀರಲ್ಲಿ ನಿಂತು ಕಾಲನ್ನು ಅತ್ತಿಂದಿತ್ತ ಆಡಿಸುತ್ತಿದ್ದಳು. ದಡದಲ್ಲಿ ಸ್ಕೂಟರು, ಬಿಳಿ ಟ್ರೇ, ಮುಚ್ಚಳದ ಬಾಟಲಿಗಳು.

“ಏನವ್ವಾ ಕಳಕೊಂಡೆ?”

“ಏನೂ ಇಲ್ಲಮ್ಮ. ಜಿಗಣೆ ಹಿಡೀತಿದೀನಿ.”

“ಅದುಕ್ಕೆ ಕಾಲು ಕೊಟ್ಟು ನಿಂತಿದ್ದೀಯಾ?” ದಾಸಮ್ಮ ನಕ್ಕಳು. “ಆ ಕಡೆ ಎಮ್ಮೆ ಬಿದ್ಕಂಡವಲ್ಲ, ಅಲ್ಲಿಗೋಗು. ಜೊಂಡಿನ ಬುಡದಾಗೆ ಕೈ ಆಡಿಸು. ಸಾಕು ಸಾಕು ಅನ್ನೋವಷ್ಟು ಸಿಕ್ತವೆ.”

ಸಿಕ್ಕವು. ಬೆರಳುದ್ದದ ಹಸಿರುಮಿಶ್ರಿತ ಕಂದು ಜಿಗಣೆಗಳು, ಪಕ್ಕೆಯಲ್ಲಿ ಕಿತ್ತಳೆ ಗೆರೆ. ಲತಾಮಣಿ ಅವನ್ನು ಟ್ರೇಗೆ ಬಿಟ್ಟು ಭೂತಗನ್ನಡಿ ಕೊಟ್ಟಳು. ದಾಸಮ್ಮ ಬಗ್ಗಿ ನೋಡಿದಳು. ಆ ಜೀವದ ತಲೆಯ ಮೇಲೆ ಕಮಾನು ಕಟ್ಟಿದಂತೆ ಸಣ್ಣ ಕಪ್ಪು ಚುಕ್ಕೆಗಳು.

“ಅವು ಕಣ್ಣು. ಐದು ಜೊತೆ,” ಅಂದಳು ಲತಾಮಣಿ. “ಕಣ್ಣು ಎಷ್ಟು, ಹೇಗೆ ಕೂತಿವೆ ಅಂತ ನೋಡಿಯೇ ಜಾತಿ ಹೇಳೋದು. ಬಣ್ಣ ನಂಬೋಕಾಗಲ್ಲ, ಸ್ಪಿರಿಟ್ಟಿಗೆ ಹಾಕಿದ್ರೆ ಬಣ್ಣ ಹೋಗ್ಬಿಡುತ್ತೆ.”

“ಹತ್ತು ಕಣ್ಣಾ!” ಇಷ್ಟು ವರ್ಷ ಒಲೆಗೆ ಹಾಕಿದ್ದನ್ನೆಲ್ಲ ನೆನೆದು ದಾಸಮ್ಮನಿಗೆ ಒಂಥರಾ ಆಯಿತು.

ಲತಾಮಣಿ ಚನ್ನಪಟ್ಟಣದ ಕಡೆಯ ರೈತರ ಮನೆಯವಳು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನ ಸಿಹಿನೀರಲ್ಲಿ ಯಾವ ಯಾವ ಜಿಗಣೆ ಎಲ್ಲೆಲ್ಲಿದೆ ಅಂತ ನಕ್ಷೆ ಮಾಡುವುದು ಅವಳ ಪಿಎಚ್‌ಡಿ ಕೆಲಸ. ಪಾಠವಿಲ್ಲದ ದಿನ ಕೆರೆಗೆ ಬರುತ್ತಿದ್ದಳು. ಕೆರೆಗಳನ್ನು ಮೊಬೈಲಿನ ಮ್ಯಾಪಿನಲ್ಲಿ ಹುಡುಕುತ್ತಿದ್ದಳು. ದಾಸಮ್ಮನಿಗೆ ಅವು ಕಾಲಿನಲ್ಲೇ ಇದ್ದವು.

“ನಾನೂ ಬತ್ತೀನಿ ಬುಡು,” ಅಂದಳು ದಾಸಮ್ಮ.

ಜನವರಿ, ಫೆಬ್ರವರಿ ಹೀಗೇ ಹೋದವು. ಮಾಗಡಿಯ ಕಡೆ ಅಪ್ಪನ ಮಂದೆ ನೀರು ಕುಡಿದ ಕಟ್ಟೆಗಳು, ಚನ್ನಪಟ್ಟಣದ ಹಿಪ್ಪುನೇರಳೆ ತೋಟಗಳ ನಡುವಿನ ಕುಂಟೆಗಳು, ರಾಮನಗರದ ಬಂಡೆಗಳ ಬುಡದ ಹೊಂಡಗಳು. ಎಮ್ಮೆ ಬೀಳುವ ಕೆಸರು ನೀರಲ್ಲಿ ದನದ ಜಿಗಣೆ. ಬಸವನಹುಳು ಇರುವಲ್ಲಿ ಕಲ್ಲಿನಡಿ ಅಂಟಿದ ಉಗುರಗಲದ ಚಪ್ಪಟೆ ಜಿಗಣೆ, ತಾಯಿಯ ಹೊಟ್ಟೆಯಡಿ ಸಾಲಾಗಿ ಮರಿ. ಅಂಚಿಗೆಲ್ಲ ಕಲ್ಲು ಕಟ್ಟಿ ದನ ಇಳಿಯದ ಹಾಗೆ ಬೇಲಿ ಹಾಕಿದ ಕೆರೆಯಲ್ಲಿ ಅರ್ಧ ದಿನ ಹುಡುಕಿದರೂ ಒಂದೂ ಇಲ್ಲ. “ದನ ಇಲ್ದಿದ್ರೆ ಅವುಕ್ಕೆ ಊಟ ಯಾರ್ ಇಕ್ತಾರೆ?” ಅಂದಳು ದಾಸಮ್ಮ. ಲತಾಮಣಿ ಅದನ್ನು ಹಾಗೇ ಬರೆದುಕೊಂಡಳು.

ಮೂಗಿನ ಜಿಗಣೆಯ ಮಾತು ಬಂದದ್ದು ಕನಕಪುರದ ಬಸ್ಸಿನಲ್ಲಿ. ದಾಸಮ್ಮ ತನ್ನ ವಿದ್ಯೆ ಹೇಳುತ್ತಿದ್ದಂತೆ ಲತಾಮಣಿ ನೆಟ್ಟಗೆ ಕೂತಳು.

“ಅದು ಮೆತ್ತಗಿರುತ್ತಾ? ಬಾಲದ ಕಡೆ ಅಂಟಿಕೊಳ್ಳೋ ಬಟ್ಟಲು ದೊಡ್ಡದಾ?”

“ಬೆಣ್ಣೆ ಹಂಗೆ ಮೆತ್ತಗೆ. ಬಾಲದ ಬಟ್ಟಲು ನಿನ್ ಹೆಬ್ಬೆಟ್ಟಿನ ಉಗುರಷ್ಟು.”

“ಅದು ಬೇರೆ ಜಾತಿ ದಾಸಮ್ಮೋರೇ. ಅದರ ಹಲ್ಲು ತೀರಾ ಸಣ್ಣವು, ಗಟ್ಟಿ ಚರ್ಮ ಕಚ್ಚೋಕಾಗಲ್ಲ. ಅದಕ್ಕೇ ಮೂಗು, ಗಂಟಲು ಹುಡುಕುತ್ತೆ. ಈ ಕಡೆ ಇದೆ ಅಂತ ನಾನು ಓದಿದ್ರಲ್ಲಿ ಎಲ್ಲೂ ಇಲ್ಲ. ಒಂದು ಸಿಕ್ರೆ ಸಾಕು ನನಗೆ. ಒಂದೇ ಒಂದು.”

ಇಷ್ಟೇ ಸಾಕಾಯಿತು. ನೂರಾರು ಜಿಗಣೆ ಒಲೆಗೆ ಹಾಕಿದ ಹೆಂಗಸಿಗೆ ಈಗ ಒಂದು ಬೇಕು ಅಂದರೆ ಒಂದೂ ಸಿಗುತ್ತಿಲ್ಲ. ತನ್ನ ಇಪ್ಪತ್ತಾರು ಕುರಿಯ ಮೂಗೂ ನೋಡಿದಳು. ಊರವರ ಹಸುಗಳ ಮೂಗೂ ನೋಡಿದಳು. ಬೆಳಿಗ್ಗೆ ಎದ್ದರೆ ಕೈಯಲ್ಲಿ ಬಾಟಲಿ, ಯಾವ ಊರಲ್ಲಿ ಯಾವ ದನ ಸೀನಿತು ಅಂತ ವಿಚಾರಿಸುತ್ತಾ ಹೊರಟೇ ಬಿಡುವಳು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಅವಳನ್ನು ಕೊರೆಯಿತು. ಆ ಜಿಗಣೆ ಮೂಗಿಗೆ ಹೋಗುವ ಮೊದಲು ಎಲ್ಲಿರುತ್ತದೆ? ಯಾವ ನೀರಲ್ಲಿ? ಮೂವತ್ತು ವರ್ಷ ತೆಗೆದಿದ್ದಾಳೆ, ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಕುರಿಯ ಕೆಲಸವೆಲ್ಲ ಗಂಗಯ್ಯನ ತಲೆಗೆ ಬಂತು. ಅವನು ಮಾತು ಕಡಿಮೆಯ ಮನುಷ್ಯ. ಮೊದಮೊದಲು ಗೊಣಗಿದ. ಆಮೇಲೆ ಗೊಣಗುವುದನ್ನೂ ಬಿಟ್ಟ. ಅದನ್ನಾದರೂ ದಾಸಮ್ಮ ಗಮನಿಸಬೇಕಿತ್ತು.

ಏಪ್ರಿಲ್ ಮೊದಲ ವಾರ ಗಂಡನ ಟವೆಲು ಒಗೆಯಲು ತೆಗೆದಾಗ ಅದರಲ್ಲಿ ರಕ್ತ. ಒಂದು ಕಡೆಯಲ್ಲ. ಒಣಗಿದ ಕಲೆಯ ಮೇಲೆ ಹಸಿ ಕಲೆ. ಅವನ ದಿಂಬಿನಡಿ ಇನ್ನೊಂದು ಟವೆಲು ಇತ್ತು, ಅದರಲ್ಲೂ.

ಗಂಗಯ್ಯ ರೊಪ್ಪದ ಬೇಲಿ ಕಟ್ಟುತ್ತಿದ್ದ. ಟವೆಲನ್ನು ಅವನ ಮುಂದೆ ಹಿಡಿದಳು.

“ಏನಿದು?”

ಅವನು ಕೈಯಲ್ಲಿದ್ದ ಮುಳ್ಳಿನ ಕೊಂಬೆಯನ್ನೇ ನೋಡುತ್ತಾ ನಿಂತ. “ಮೂಗ್ನಾಗೆ ಬತ್ತದೆ. ಮೂರು ವಾರ ಆಯ್ತು. ಒಬ್ಬ ಡಾಕ್ಟ್ರಿಗೆ ತೋರಿಸ್ದೆ. ಬೀಪಿ ಅಂದ್ರು, ಮಾತ್ರೆ ಕೊಟ್ರು. ನಿಲ್ಲಲಿಲ್ಲ. ಇನ್ನೊಂದು ಕಡೆ ಹೋದೆ. ಒಳಗೆ ಗೆಡ್ಡೆ ಇರಬೌದು, ಸ್ಕ್ಯಾನ್ ಮಾಡಿಸಿ ಅಂದ್ರು.”

“ನಂಗ್ಯಾಕೆ ಯೋಳಲಿಲ್ಲ?”

“ಯಾವಾಗ ಯೋಳ್ಲಿ? ನೀನೆಲ್ಲಿದ್ದೆ?”

ಅವನ ಅಣ್ಣ ಗಂಟಲಲ್ಲಿ ಗೆಡ್ಡೆಯಾಗಿ ಹೋದವನು. ಆ ಎಂಟು ತಿಂಗಳು ಗಂಗಯ್ಯನೇ ಅವನಿಗೆ ಗಂಜಿ ಕುಡಿಸಿದ್ದ. ಈ ಮೂರು ವಾರ ಅವನು ಏನು ಯೋಚಿಸಿಕೊಂಡು ಕುರಿ ಹಿಂದೆ ನಡೆದಿರಬಹುದು ಅಂತ ದಾಸಮ್ಮನಿಗೆ ಆಗ ಹೊಳೆಯಿತು. ಅವಳು ಜಿಲ್ಲೆಯ ದನಕರುಗಳ ಮೂಗು ನೋಡಿಕೊಂಡು ಬಂದಿದ್ದಳು. ಮನೆಯ ಗಂಡಸಿನ ಮುಖ ನೋಡಿರಲಿಲ್ಲ.

ಆಮೇಲೆ ಒಂದು ಯೋಚನೆ ಬಂತು. ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಆದರೂ ಕೇಳಿದಳು.

“ಒಂದೇ ಹೊಳ್ಳೆನಾ?”

“ಹೂಂ. ಎಡಗಡೆ.”

“ಒಳಗೆ ಏನಾದ್ರೂ ಆಡ್ದಂಗೆ ಆಯ್ತದಾ?”

ಗಂಗಯ್ಯ ತಲೆ ಎತ್ತಿದ. “ಮಖ ತೊಳೆಯೋವಾಗ ಏನೋ ಹರಿದಂಗೆ ಆಯ್ತದೆ.”

“ಇವತ್ತಿಂದ ಬಾಟಲಿ ನೀರು ಬುಟ್ಟು ಎಲ್ಲೂ ನೀರು ಮುಟ್ಬ್ಯಾಡ. ನಾಳೆ ಬೋಗುಣಿ ಇಡ್ತೀನಿ.”

“ನಾನೇನ್ ಕುರಿನಾ?” ಮೂರು ವಾರದಿಂದ ಅದುಮಿದ್ದೆಲ್ಲ ಅವನ ದನಿಗೆ ಬಂತು. “ನಾನು ಸಾಯ್ತೀನೋ ಏನೋ ಅಂತ ಇದ್ರೆ ನಿಂಗೆ ಅಲ್ಲೂ ಜಿಗಣೆನೇ ಕಾಣ್ತದಾ?”

ದಾಸಮ್ಮ ಹಿತ್ತಲಿಗೆ ಹೋಗಿ ಲತಾಮಣಿಗೆ ಫೋನ್ ಮಾಡಿದಳು. ವಿಷಯ ಕೇಳಿ ಲತಾಮಣಿ ಗಾಬರಿಯಾದಳು. “ನೀವು ಕೈ ಹಾಕ್ಬೇಡಿ. ಮನುಷ್ಯರ ಮೂಗು, ಉಸಿರಿನ ದಾರಿಗೆ ಜಾರಿದ್ರೆ ಕಷ್ಟ. ಕನಕಪುರದಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ರ ಕರ್ಕೊಂಡು ಬನ್ನಿ, ನಾನೂ ಬರ್ತೀನಿ.”

ಮಾರನೆಯ ದಿನ ಮೊದಲ ಬಸ್ಸು ಹಿಡಿದರು. ಗಂಗಯ್ಯ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ದಾಸಮ್ಮ ಸೀಟಿನಿಂದ ಎದ್ದು ನಿಲ್ಲುವಳು, ಕೂರುವಳು, ಮತ್ತೆ ನಿಲ್ಲುವಳು. ಜಿಗಣೆಯಾಗಿದ್ದರೆ ಒಂದು ಥರ. ಆಗಿಲ್ಲದಿದ್ದರೆ? ಕಬ್ಬಾಳಮ್ಮಾ, ಜಿಗಣೆನೇ ಆಗಿರಲಿ ಅಂತ ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದು ಗಂಡನಿಗಾಗಿಯೋ ಬಾಟಲಿಗಾಗಿಯೋ ಅಂತ ತನ್ನ ಮೇಲೇ ಅನುಮಾನ ಬಂದು ಮತ್ತೆ ಎದ್ದು ನಿಂತಳು.

ಆಸ್ಪತ್ರೆಯ ಡಾಕ್ಟರು ಮನೋಹರ್ ಅಂತ, ಚಿಕ್ಕ ವಯಸ್ಸಿನವರು. ದೀಪದ ಕೊಳವೆ ಹಾಕಿ ನೋಡಿದರು. “ಹೆಪ್ಪುಗಟ್ಟಿದ ರಕ್ತ ಕಾಣ್ತಿದೆ. ಹಿಂದೆ ಏನೋ ಕಪ್ಪಗಿದೆ, ಸರಿಯಾಗಿ ಗೊತ್ತಾಗ್ತಿಲ್ಲ.” ಎರಡನೇ ಸಲ ನೋಡಿದರು. ಅದು ಇನ್ನೂ ಹಿಂದಕ್ಕೆ ಸರಿದಂತಿತ್ತು. ಸ್ಕ್ಯಾನಿಗೆ ಬರೆಯಲು ಪೆನ್ನು ತೆಗೆದರು.

“ಸ್ವಾಮಿ, ಬೋಗುಣೀಲಿ ಒಸಿ ನೀರು ಕೊಡ್ತೀರಾ?” ಅಂದಳು ದಾಸಮ್ಮ.

ಡಾಕ್ಟರು ಲತಾಮಣಿಯ ಮುಖ ನೋಡಿದರು. ಅವಳು ವಿವರಿಸಿದಳು. ಡಾಕ್ಟರಿಗೆ ನಂಬಿಕೆ ಬಂತೋ ಇಲ್ಲವೋ, ನರ್ಸಿಗೆ ಸ್ಟೀಲಿನ ಬೇಸಿನ್ ತರಲು ಹೇಳಿದರು. ಗಂಗಯ್ಯ ನೀರಿಗೆ ಮೂಗು ತಾಗುವಷ್ಟು ಬಗ್ಗಿ, ಬಾಯಲ್ಲಿ ಉಸಿರಾಡುತ್ತಾ ಕೂತ. ದಾಸಮ್ಮ ಅವನ ಹಣೆಯ ಕೆಳಗೆ ಕೈಕೊಟ್ಟು ಪಕ್ಕದಲ್ಲೇ ಕೂತಳು. ಗೋಡೆ ಗಡಿಯಾರದಲ್ಲಿ ಐದು ನಿಮಿಷ ಹೋಯಿತು. ಹತ್ತು ನಿಮಿಷ. ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲು ತಟ್ಟಿದರು. ಗಂಗಯ್ಯನ ಕತ್ತು ನಡುಗಲು ಶುರುವಾಯಿತು.

“ಸಾಕು ಬುಡಮ್ಮಿ.”

“ಇನ್ನೊಸಿ ತಡ್ಕೋ. ಅಲುಗಾಡ್ಬ್ಯಾಡ.”

ಆಗ ಎಡ ಹೊಳ್ಳೆಯ ಅಂಚಲ್ಲಿ ಕಂದು ತುದಿಯೊಂದು ಕಾಣಿಸಿತು. ನೀರು ಮುಟ್ಟಿತು. ಡಾಕ್ಟರು ಚಿಮುಟ ಚಾಚುವಷ್ಟರಲ್ಲಿ ಸರಕ್ಕನೆ ಒಳಗೆ ಹೋಯಿತು. ನರ್ಸು ಕಿರುಚಿ ಬಾಯಿ ಮುಚ್ಚಿಕೊಂಡಳು.

“ಅವಸರ ಬ್ಯಾಡ ಸ್ವಾಮಿ. ಅರ್ಧ ಆಚೆಗೆ ಬರ್ಲಿ. ನಾನು ಹೂಂ ಅಂತೀನಿ, ಆಗ ಹಿಡೀರಿ. ಎಳೀಬ್ಯಾಡಿ.”

ಮತ್ತೆ ಕಾದರು. ಡಾಕ್ಟರು ಹಣೆಯ ಬೆವರೂ ಒರೆಸಿಕೊಳ್ಳಲಿಲ್ಲ. ತುದಿ ಬಂತು, ನೀರಲ್ಲಿ ತಡಕಾಡಿತು, ಉದ್ದವಾಯಿತು, ಇನ್ನೂ ಉದ್ದವಾಯಿತು.

“ಹೂಂ.”

ಚಿಮುಟ ಹಿಡಿಯಿತು. ಡಾಕ್ಟರು ಯಾವುದೋ ಔಷಧಿಯ ಹನಿಯನ್ನು ಮೂಗಿಗೆ ಬಿಟ್ಟು ಹಿಡಿದೇ ಇದ್ದರು. ಒಂದು ನಿಮಿಷಕ್ಕೆ ಅದು ತಾನಾಗಿ ಬಿಟ್ಟುಕೊಂಡು ಬಂತು. ಬೇಸಿನ್ನಿನಲ್ಲಿ ಬಿದ್ದು ನುಲಿಯಿತು. ಕಿರುಬೆರಳುದ್ದ, ಬೆಣ್ಣೆಯಷ್ಟು ಮೆತ್ತಗೆ, ಹಿಂದೆ ದೊಡ್ಡ ಬಟ್ಟಲು. ನರ್ಸು ಅದರ ಮೇಲೆ ಸುರಿಯಲು ಫಿನಾಯಿಲ್ ಬಾಟಲಿ ಎತ್ತಿಕೊಂಡಳು.

“ಅಯ್ಯೋ ಬ್ಯಾಡ ಕಣವ್ವಾ! ಅದುನ್ನ ಸಾಯಿಸ್ಬ್ಯಾಡ!” ದಾಸಮ್ಮ ಬೇಸಿನ್ನಿಗೆ ಎರಡೂ ಕೈ ಅಡ್ಡ ಇಟ್ಟಳು.

ಮೂಗಿಗೆ ಹತ್ತಿ ಒತ್ತಿಕೊಂಡು ಒರಗಿದ್ದ ಗಂಗಯ್ಯ ಅವಳನ್ನೇ ನೋಡಿದ. “ನಂಗಿಂತ ಅದೇ ಎಚ್ಚಾಯ್ತಾ ನಿಂಗೆ?” ಅಂದ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಇಳಿಯಿತು. ಅಣ್ಣನ ಮಣ್ಣಿಗೆ ಹೋದಾಗಲೂ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಬೇಸಿನ್ನನ್ನು ಲತಾಮಣಿಯ ಕೈಗೆ ಕೊಟ್ಟು ದಾಸಮ್ಮ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ನಿಂತಳು. ಡಾಕ್ಟರು ಇನ್ನೊಮ್ಮೆ ಕೊಳವೆ ಹಾಕಿ ನೋಡಿ, ಗೆಡ್ಡೆ ಗಿಡ್ಡೆ ಏನೂ ಇಲ್ಲ, ಗಾಯ ಒಂದು ವಾರಕ್ಕೆ ಮಾಯುತ್ತೆ ಅಂದರು.

ಲತಾಮಣಿ ಭೂತಗನ್ನಡಿಯಲ್ಲಿ ನೋಡುತ್ತಲೇ ಇದ್ದಳು. “ಅದೇ ಅನ್ಸುತ್ತೆ. ಆದ್ರೆ ನಾನೊಬ್ಬಳೇ ಹೇಳಿದ್ರೆ ಆಗಲ್ಲ. ತಿಳಿದೋರಿಗೆ ಕಳಿಸ್ಬೇಕು. ಎಲ್ಲಿ ಸಿಕ್ತು ಅಂತ ಬರೀಬೇಕು.” ಆಮೇಲೆ ಗಂಗಯ್ಯನ ಕಡೆ ತಿರುಗಿದಳು. “ಅಣ್ಣಾ, ನೀವು ಎಲ್ಲಿ ನೀರು ಕುಡಿದ್ರಿ?”

ಗಂಗಯ್ಯ ಯೋಚಿಸಿದ. ಶಿವರಾತ್ರಿಯ ಆಸುಪಾಸಿನಲ್ಲಿ ಬಯಲಲ್ಲಿ ಮೇವು ಸಾಲದೆ ಕುರಿಗಳನ್ನು ಕರಿಬಂಡೆಯ ಗುಡ್ಡಕ್ಕೆ ಹತ್ತಿಸಿದ್ದ. ಆನೆ ಓಡಾಡುವ ಜಾಗ ಅಂತ ದಾಸಮ್ಮ ಆ ಕಡೆ ಹೋಗುವುದು ಬಿಟ್ಟು ಹತ್ತು ವರ್ಷವಾಗಿತ್ತು. ಬಾಟಲಿಯ ನೀರು ಮುಗಿದು, ಕುರಿಗಳನ್ನು ಕೆಳಗೆ ಮೇಯಲು ಬಿಟ್ಟು, ಬಂಡೆಯ ಮೇಲಿನ ದೊಣೆಗೆ ಬೋರಲು ಮಲಗಿ ಬಾಯಿ ಹಾಕಿ ಕುಡಿದಿದ್ದ.

“ದೊಣೆ!” ಅಂದಳು ದಾಸಮ್ಮ. ನಾಲ್ಕು ತಾಲ್ಲೂಕಿನ ಕೆರೆ, ಕಟ್ಟೆ, ಕುಂಟೆ ಎಲ್ಲ ಹುಡುಕಿದ್ದರು. ಬಂಡೆಯ ಕುಳಿಯಲ್ಲಿ ನಿಂತ ತಿಳಿನೀರನ್ನು ಇಬ್ಬರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹದಿನೈದು ದಿನ ಬಿಟ್ಟು ಮೂವರೂ ಹತ್ತಿದರು. ಮುಂದೆ ಗಂಗಯ್ಯ. ಈ ಸಲ ಅವನೇ ದಾರಿ ಬಲ್ಲವನು. ಆನೆಯ ಲದ್ದಿ ಕಂಡಲ್ಲೆಲ್ಲ ನಿಂತು, ಕೋಲಿಂದ ಕೆದಕಿ ಹಳೆಯದೋ ಹೊಸದೋ ನೋಡಿ ಮುಂದೆ ಹೋಗುವನು. ಹಿಂದಿನಿಂದ ದಾಸಮ್ಮ “ನಡಿ, ನಡಿ” ಅನ್ನುವಳು. ದೊಣೆ ಎರಡು ಮಂಚದಗಲ ಇತ್ತು. ನೀರು ಮೊಣಕಾಲಿಗೂ ಬಾರದಷ್ಟು ಇಳಿದಿತ್ತು. ಮೇಲೊಂದು ಚಾಚುಬಂಡೆಯ ನೆರಳು, ನೀರು ಕನ್ನಡಿಯಂತೆ ತಿಳಿ. ಬಗ್ಗಿ ನೋಡಿದರೆ ಒಂದು ಹುಳವೂ ಇಲ್ಲ.

ಲತಾಮಣಿಯ ಮುಖ ಬಾಡಿತು. ದಾಸಮ್ಮ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕುರಿ ನೀರು ಕುಡಿಯುವಾಗ ಮೂತಿ ಆಡಿಸಿದ ಹಾಗೆ, ಅಂಗೈಯಿಂದ ನೀರಿನ ಮೇಲ್ಮೈಯನ್ನು ಮೆಲ್ಲಗೆ ತಟ್ಟಿದಳು. ನಿಲ್ಲಿಸಿದಳು. ಮತ್ತೆ ತಟ್ಟಿದಳು. ನೆರಳಿನ ಕಡೆಯ ಕಲ್ಲಿನಡಿಯಿಂದ ಕೂದಲೆಳೆಯಂಥ ಒಂದು ಮರಿ ಅಲೆಅಲೆಯಾಗಿ ಈಜುತ್ತಾ ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಏಳೆಂಟು.

“ಮುಟ್ಬೇಡಿ, ಮುಟ್ಬೇಡಿ,” ಅನ್ನುತ್ತಾ ಲತಾಮಣಿ ಬಾಟಲಿ ತೆಗೆಯಲು ಹೋಗಿ ಚೀಲವನ್ನೇ ಬೀಳಿಸಿದಳು. ಗಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದು ಮೂಗಿನ ಮೇಲೆ ಕೈ ಇಟ್ಟುಕೊಂಡ.

ಆಗಸ್ಟಿನಲ್ಲಿ ಕೊಲ್ಕತ್ತದ ತಜ್ಞರೊಬ್ಬರಿಂದ ಉತ್ತರ ಬಂತು. ಮೂಗಿನ ಜಿಗಣೆಯ ಕುಲದ್ದೇ ಹೌದು, ಆದರೆ ಯಾವ ಪ್ರಭೇದ ಅಂತ ಖಚಿತವಾಗಿ ಹೇಳಲು ಬೆಳೆದದ್ದು ಇನ್ನೂ ಎರಡಾದರೂ ಬೇಕು ಅಂತ. ಲತಾಮಣಿಯ ನಕ್ಷೆಯಲ್ಲಿ ಕರಿಬಂಡೆ ಗುಡ್ಡದ ಮೇಲೆ ಒಂದು ಕೆಂಪು ಚುಕ್ಕೆ ಬಿತ್ತು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ. ಅವಳ ಕೋರಿಕೆಯ ಮೇಲೆ ಪಂಚಾಯಿತಿಯವರು ಗುಡ್ಡದ ಬುಡದಲ್ಲಿ ಬೋರ್ಡು ಹಾಕಿಸಿದರು: ದೊಣೆ ನೀರಿಗೆ ಬಾಯಿ ಹಾಕಿ ಕುಡಿಯಬೇಡಿ, ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯಿರಿ. ಗಂಗಯ್ಯ ಕುರಿಗಳಿಗೆ ಈಗ ಊರ ತೊಟ್ಟಿಯಲ್ಲೇ ನೀರು ಕುಡಿಸುತ್ತಾನೆ. ದಾಸಮ್ಮ ಎಲ್ಲಿಗೆ ಹೊರಟರೂ ಅವನಿಗೆ ಹೇಳಿಯೇ ಹೋಗುತ್ತಾಳೆ, ಸಂಜೆ ಬಂದು ಅವನ ಮುಖ ಬೆಳಕಿಗೆ ತಿರುಗಿಸಿ ನೋಡುತ್ತಾಳೆ. “ಏನೂ ಇಲ್ಲ ಕಣಮ್ಮಿ, ಬುಡು,” ಅನ್ನುತ್ತಾನೆ ಅವನು, ಆದರೆ ಮುಖ ತಿರುಗಿಸುವುದಿಲ್ಲ.

ಈ ವರ್ಷ ಮಾರ್ಚಿನಲ್ಲಿ ದೊಣೆ ಪೂರ್ತಿ ಒಣಗಿತು. ಅದನ್ನು ಕೇಳಿದಂದಿನಿಂದ ದಾಸಮ್ಮನಿಗೆ ಮುದ್ದೆ ಸೇರಲಿಲ್ಲ. ನೀರೇ ಇಲ್ಲದಿದ್ದರೆ ಆ ಮರಿಗಳು ಎಲ್ಲಿ ಹೋದವು? ಲತಾಮಣಿಗೆ ಫೋನ್ ಮಾಡಿ ಕೇಳಿದಳು.

“ಕೆಸರಿನಾಳಕ್ಕೆ ಇಳಿದು ಮಲಗಿರ್ಬಹುದು. ಸತ್ತೂ ಹೋಗಿರ್ಬಹುದು. ನನಗೂ ಗೊತ್ತಿಲ್ಲ ದಾಸಮ್ಮೋರೇ.”

“ಗೊತ್ತಿಲ್ಲ ಅಂದ್ರೆ ಎಂಗೆ?” ಅಂದಳು ದಾಸಮ್ಮ.

ಮಾರನೆಯ ಬೆಳಿಗ್ಗೆ ಗಂಗಯ್ಯನೂ ಅವಳೂ ಹತ್ತಿದರು. ಬಿರುಕು ಬಿಟ್ಟ ಕೆಸರನ್ನು ಅವನು ಗುದ್ದಲಿಯಿಂದ ಹೆಂಟೆ ಹೆಂಟೆಯಾಗಿ ಎತ್ತಿಕೊಟ್ಟ, ಅವಳು ಒಂದೊಂದನ್ನೂ ಮುರಿದು ನೋಡಿದಳು. ಬಿಸಿಲು ನೆತ್ತಿಗೆ ಬರುವವರೆಗೆ ಎರಡಡಿ ಅಗೆದರು. ಕಪ್ಪೆಯೊಂದು ಸಿಕ್ಕಿತು, ಬಸವನಹುಳುವಿನ ಚಿಪ್ಪುಗಳು ಸಿಕ್ಕವು. ಗಂಗಯ್ಯ ಬಂಡೆಯ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದ.

“ಬಾ, ಉಣ್ಣು ಬಾ.”

“ನೀನ್ ಉಣ್ಣು. ಬಂದೆ,” ಅನ್ನುತ್ತಾ ದಾಸಮ್ಮ ಮಣ್ಣಿನ ಕೈಯಲ್ಲೇ ಮುದ್ದೆಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ಗುದ್ದಲಿ ಎತ್ತಿಕೊಂಡು ಚಾಚುಬಂಡೆಯ ಒಳಮೂಲೆಗೆ ನಡೆದಳು. ಅಲ್ಲಿನ ಮಣ್ಣು ಇನ್ನೂ ಸ್ವಲ್ಪ ಕಪ್ಪಗಿತ್ತು.